ತಗ್ಗಿನ ಸಾಲಿಗೆ ನೀರು ನುಗ್ಗಿದ್ದು ಇದೇ ಮೊದಲಾ? ಹಳೇ ನೆನಪು ಇದ್ದವರು ಬರೆಯಿರಿ

ಮನೆ 14:
ಎಲ್ಲರಿಗೂ ನಮಸ್ಕಾರ. ಮೊನ್ನೆಯ ಮಳೆಗೆ ನಮ್ಮ ಸಾಲಿನ ಆರು ಮನೆಗಳಿಗೆ ನೀರು ನುಗ್ಗಿತು. ನಮ್ಮ ಹಾಲ್‌ನಲ್ಲಿ ಮೊಣಕಾಲುದ್ದ ನಿಂತಿತ್ತು. ದೂರು ಕೊಡಲು ಹೋದರೆ ಸಿಕ್ಕ ಉತ್ತರ: "ಹಿಂದೆಂದೂ ಇಂಥ ಮಳೆ ಆಗಿಲ್ಲ, ಏನು ಮಾಡೋಕಾಗುತ್ತೆ?" ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನಕ್ಕುಬಿಟ್ಟರು. ಅವರು ಈಜು ಕಲಿತದ್ದೇ ಈಗ ನಮ್ಮ ಸಾಲು ಇರುವ ಜಾಗದಲ್ಲಂತೆ!

ಯಾರ ಮಾತು ನಿಜ? ಎಲ್ಲೂ ಬರೆದಿಟ್ಟಿಲ್ಲ. ಅದಕ್ಕೇ ಅರ್ಜಿ ಕೊಡುವ ಮುಂಚೆ ಊರಿನ ಹಳೇ ನೆರೆ, ಬಿರುಗಾಳಿ, ಆಲಿಕಲ್ಲು ಎಲ್ಲವನ್ನೂ ಇಲ್ಲಿ ಒಟ್ಟು ಮಾಡೋಣ. ಯಾವಾಗ ಬಂತು, ನೀರು ಎಲ್ಲಿಯವರೆಗೆ ಏರಿತು, ಯಾವ ಕಡೆಯಿಂದ ಬಂತು, ಇಷ್ಟು ಸಾಕು. ವರ್ಷ ನೆನಪಿಲ್ಲದಿದ್ದರೆ "ದೊಡ್ಡ ಮಗಳು ಹುಟ್ಟಿದ ವರ್ಷ" ಅಂದರೂ ನಡೆಯುತ್ತದೆ. ಬೇರೆ ಯಾವುದೋ ಊರಿನ ವಿಡಿಯೋ ಮಾತ್ರ ದಯವಿಟ್ಟು ಹಾಕಬೇಡಿ.

ಮನೆ 3:
ಸಾರ್, ಇತಿಹಾಸ ಆಮೇಲೆ ಬರೆಯಿರಿ. ಮೊದಲು ಚರಂಡಿ ಹೂಳು ತೆಗೆಸಿ. ಸುಮ್ನೆ ಕಾಲ ಕಳೆಯುವುದು ಬೇಡ.

ಮನೆ 14:
ಹೂಳು ತೆಗೆಸಲೇಬೇಕು. ಆದರೆ ತೆಗೆಸಿದ ಮೇಲೂ ನೀರು ಬಂದರೆ? ನಾಲ್ಕು ದಿನದಿಂದ ಇದನ್ನೇ ಓದುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಲಿನ್‌ಮತ್ ಎಂಬ ಪುಟ್ಟ ಊರಿದೆ. ಅಲ್ಲಿ ಕಟ್ಟಡಗಳಿಗೆ ಜಾಗ ಸಿಗಲೆಂದು ಹೊಳೆಯ ದಾರಿಯನ್ನು ಕಿರಿದು ಮಾಡಿದ್ದರು. 1952ರ ಆಗಸ್ಟ್ 15ರ ರಾತ್ರಿ ಏನಾಯಿತು ನೋಡಿ. ಮೇಲಿನ ಗುಡ್ಡದ ನೆಲ ಮೊದಲೇ ನೆನೆದು ತೊಯ್ದಿತ್ತು. ಅದರ ಮೇಲೆ 24 ಗಂಟೆಯಲ್ಲಿ ಸುಮಾರು 229 ಮಿಲಿಮೀಟರ್ ಮಳೆ. ಬಂಡೆ, ಮರಗಳು ಸೇತುವೆಗಳಿಗೆ ಅಡ್ಡ ಸಿಕ್ಕಿಕೊಂಡವು. ಹೊಳೆ ಊರಿನ ನಡುವೆ ತನ್ನ ಹಳೇ ದಾರಿಯನ್ನೇ ಹಿಡಿಯಿತು. 34 ಜನ ಸತ್ತರು. ಆಮೇಲೆ ಊರನ್ನು ಮತ್ತೆ ಕಟ್ಟುವಾಗ ಹೊಳೆಗೆ ಜಾಸ್ತಿ ಅಗಲ ಬಿಟ್ಟರು.

ನಮ್ಮ ಸಾಲೂ ಹಳೇ ಹಳ್ಳದ ದಾರಿಯಲ್ಲೇ ಇದೆಯಾ? ನನಗೆ ಬೇಕಾಗಿರುವುದು ಇದಕ್ಕೆ ಉತ್ತರ. ಇದ್ದರೆ ಬರೀ ಹೂಳಿನ ಅರ್ಜಿ ಸಾಲುವುದಿಲ್ಲ, ಮೋರಿಯನ್ನೇ ದೊಡ್ಡದು ಮಾಡಿ ಅಂತ ಕೇಳಬೇಕು.

ಮನೆ 9:
ನಾನು ಕಟ್ಟಡದ ಕೆಲಸದಲ್ಲೇ ನಿವೃತ್ತನಾದವನು, ಒಂದು ಮಾತು ಸೇರಿಸುತ್ತೇನೆ. ತಿರುವಿನಲ್ಲಿರುವ ಮೋರಿಗೆ ಹಾಕಿದ ಪೈಪು ಅದರ ಹಿಂದಿನದಕ್ಕಿಂತ ಸಣ್ಣದು. ಪೈಪಿನ ಅಗಲ ಅರ್ಧವಾದರೆ ಹರಿವೂ ಅರ್ಧವಾಗುತ್ತದೆ ಅಂದುಕೊಳ್ಳುತ್ತಾರೆ. ಅಲ್ಲ. ಇಳಿಜಾರು ಅಷ್ಟೇ ಇದ್ದರೆ ಹರಿವು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇನ್ನೊಂದು ಲೆಕ್ಕ. ಒಂದು ಎಕರೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಮೇಲಿನ ದಿಬ್ಬ ಖಾಲಿ ಇದ್ದಾಗ ಒಂದಷ್ಟನ್ನು ಮಣ್ಣು ಕುಡಿಯುತ್ತಿತ್ತು. ಈಗ ಅಲ್ಲಿ ಕಾಂಕ್ರೀಟು. ಹಾಗಾಗಿ ಹಿಂದಿನಷ್ಟೇ ಮಳೆ ಬಂದರೂ ಹಿಂದಿಗಿಂತ ಜಾಸ್ತಿ ನೀರು ಕೆಳಗೆ ಬರುತ್ತದೆ. ಹಳೇ ಗುರುತುಗಳನ್ನು ನೋಡುವಾಗ ಇದು ನೆನಪಿರಲಿ.

ಮನೆ 21:
ಇದು ನೂರು ವರ್ಷಕ್ಕೊಮ್ಮೆ ಬರುವ ಮಳೆಯಂತೆ. ಬಂದಾಯಿತಲ್ಲ, ಇನ್ನು ನಮ್ಮ ಕಾಲಕ್ಕೆ ಬರುವುದಿಲ್ಲ ಬಿಡಿ 😀

ಮನೆ 9:
ಆ ಮಾತಿನಿಂದಲೇ ಎಲ್ಲರೂ ಮೋಸ ಹೋಗುವುದು. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಇದೆ ಅಂತ. ಈ ವರ್ಷ ಬಂತು ಅಂತ ಮುಂದಿನ ವರ್ಷಕ್ಕೆ ರಜೆ ಇಲ್ಲ. 30 ವರ್ಷ ಅದೇ ಮನೆಯಲ್ಲಿದ್ದರೆ ಒಮ್ಮೆಯಾದರೂ ನೋಡುವ ಸಾಧ್ಯತೆ ಶೇ. 26. ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿಯೇ.

ಮನೆ 27:
ಒಂದು ಮಾತು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಇದನ್ನೆಲ್ಲ ಬರೆದು, ಗೋಡೆಗೆ ಗುರುತು ಹಾಕಿದರೆ ನಮ್ಮ ಮನೆಗಳನ್ನು ಯಾರು ಕೊಳ್ಳುತ್ತಾರೆ? ನಾವು ಮುಂದಿನ ವರ್ಷ ಮಾರಬೇಕು ಅಂತಿದ್ದೇವೆ.

ಮನೆ 14:
ಮೇಡಂ, ನಿಮ್ಮ ಚಿಂತೆ ನನಗೂ ಇದೆ, ನನ್ನ ಸಾಲ ಇನ್ನೂ ತೀರಿಲ್ಲ. ಆದರೂ ಜಾನ್ಸ್‌ಟೌನ್ ಕಥೆ ಹೇಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದ ಊರು. 1889ರ ಮೇ 31ರಂದು ಮೇಲಿನ ಅಣೆಕಟ್ಟು ಒಡೆದು 2,209 ಜನ ಸತ್ತರು. 1936ರಲ್ಲಿ ಮತ್ತೆ ದೊಡ್ಡ ನೆರೆ. ಆಗ ಸರ್ಕಾರ ನದಿಯ ದಡಕ್ಕೆ ಕಾಂಕ್ರೀಟು ಹಾಕಿಸಿತು. ಊರಿನವರು "ನಮ್ಮದು ನೆರೆಯಿಲ್ಲದ ಊರು" ಅಂತ ಹೇಳಿಕೊಳ್ಳಲು ಶುರು ಮಾಡಿದರು. 1977ರ ಜುಲೈನಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ಸುತ್ತಲಿನ ಹಲವು ಅಣೆಕಟ್ಟುಗಳು ಒಡೆದು 80ಕ್ಕೂ ಹೆಚ್ಚು ಜನ ಹೋದರು. ಅಲ್ಲಿನ ನಗರಸಭೆ ಕಟ್ಟಡದ ಮೂಲೆಯಲ್ಲಿ ಮೂರೂ ನೆರೆಗಳ ಮಟ್ಟವನ್ನು ಗುರುತು ಹಾಕಿದ್ದಾರೆ. ಇಂಥ ಗುರುತು ಇದ್ದರೆ ಮನೆ ಕೊಳ್ಳುವವರು ಬೆಲೆ ಇಳಿಸಿ ಕೇಳಬಹುದು, ನಿಜ. ಆದರೆ ಗುರುತು ಇಲ್ಲ ಅಂತ ನೀರು ಬರದೇ ಇರುತ್ತಾ?

ಮನೆ 3:
ಸರಿ ಸಾರ್, ಒಪ್ಪಿದೆ. ಆದರೆ ಮೋರಿ ಮೇಲೆ ಕಾರು ನಿಲ್ಲಿಸುವವರಿಗೂ ಸ್ವಲ್ಪ ಹೇಳಿ.

ಮನೆ 14:
ಒಳ್ಳೇ ನೆನಪು ಮಾಡಿದಿರಿ. ಲಿನ್‌ಮತ್ ನೆರೆಯಾಗಿ 52 ವರ್ಷಕ್ಕೆ, 2004ರ ಆಗಸ್ಟ್ 16ರಂದು, ಅದೇ ದೇಶದ ಬಾಸ್‌ಕಾಸಲ್‌ಗೆ ನೆರೆ ಬಂತು. ನಿಲ್ಲಿಸಿದ್ದ ಕಾರುಗಳು ತೇಲಿಹೋಗಿ ಸೇತುವೆಗೆ ಅಡ್ಡವಾದವು. ಆದರೆ ಅಲ್ಲಿ ಒಂದು ಜೀವವೂ ಹೋಗಲಿಲ್ಲ. ಹೆಲಿಕಾಪ್ಟರ್‌ಗಳು ಸುಮಾರು ನೂರು ಜನರನ್ನು ಎತ್ತಿಕೊಂಡವು. ಅಲ್ಲಿ ಹಗಲು, ಲಿನ್‌ಮತ್‌ನಲ್ಲಿ ರಾತ್ರಿ. ನಮಗೆ ಹೆಲಿಕಾಪ್ಟರ್ ಬರುವುದಿಲ್ಲ, ಹಾಗಾಗಿ ರಾತ್ರಿ ಜೋರು ಮಳೆ ಬಂದರೆ ಸರದಿ ಮೇಲೆ ಇಬ್ಬರು ಎಚ್ಚರ ಇರೋಣ. ಇವತ್ತಿಗೆ ನಾನು ಮತ್ತು ಮನೆ 9.

ಮತ್ತೆ, ಹರಿಯುವ ನೀರಿಗೆ ಗಾಡಿ ಇಳಿಸಬೇಡಿ. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು.

ಮನೆ 6:
ಇದು ಅಜ್ಜಿ ಹೇಳಿದ್ದು, ಮೊಮ್ಮಗಳು ಟೈಪ್ ಮಾಡುತ್ತಿದ್ದೇನೆ. ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರ ಬರೆದ ಪೆನ್ಸಿಲ್ ಗೆರೆಗಳಿವೆ. ಅದರಲ್ಲಿ ಒಂದು ಗೆರೆ ಯಾವ ಮಗುವಿನದೂ ಅಲ್ಲ, ಅದು ನೀರಿನದು. ಚಿಕ್ಕಪ್ಪನ ಗೆರೆಗಿಂತ ನಾಲ್ಕು ಬೆರಳು ಮೇಲಿದೆ. ಆಗ ಚಿಕ್ಕಪ್ಪನಿಗೆ ಐದು ವರ್ಷ. ನೀರು ರಸ್ತೆಯಿಂದ ಬರಲಿಲ್ಲವಂತೆ, ಹಿತ್ತಲಿನ ಕಡೆಯಿಂದ ಬಂತಂತೆ.

ಮನೆ 9:
ಹಿತ್ತಲಿನಿಂದಾ? ಹಾಗಾದರೆ ಹಳ್ಳದ ದಾರಿ ಸಾಲಿನ ಹಿಂದಿದೆ. ನಾವು ರಸ್ತೆ ಚರಂಡಿಯನ್ನೇ ನೋಡುತ್ತಾ ಕೂತಿದ್ದೆವು!

ಮನೆ 14:
ಅಜ್ಜಿಗೆ ದೊಡ್ಡ ನಮಸ್ಕಾರ ಹೇಳಮ್ಮ. ಚಿಕ್ಕಪ್ಪ ಹುಟ್ಟಿದ ವರ್ಷ ಕೇಳಿ ತಿಳಿಸು, ಐದು ಕೂಡಿಸಿದರೆ ನೆರೆಯ ವರ್ಷ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಟೇಪು, ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪು ಹಿಡಿದು ಬರುತ್ತೇವೆ. ಆ ಗೆರೆಯ ಮಟ್ಟ ಉಳಿದ ಮನೆಗಳಲ್ಲಿ ಎಲ್ಲಿಗೆ ಬರುತ್ತದೆ ನೋಡೋಣ. ಅರ್ಜಿಯ ಮೊದಲ ಸಾಲು ಅದೇ.

ಮನೆ 6:
ಭಾನುವಾರದವರೆಗೆ ಕಾಯಬೇಡಿ ಅನ್ನುತ್ತಿದ್ದಾರೆ ಅಜ್ಜಿ. ಶನಿವಾರ ಪೇಂಟರ್ ಬರುತ್ತಾನೆ.

ಮನೆ 14:
ನಾಳೆಯೇ ಬಂದೆವು.