ಮೂರನೇ ಮಹಡೀಲಿ ‘ಟ್ರಾಫಿಕ್ ಏರಿಯಾ’? ಜರ್ಮನ್ ನಕ್ಷೆ ಗೊತ್ತಿರೋರು ಹೇಳಿ

ಹಾಸನದ ಡ್ರಾಫ್ಟಿಂಗ್‌ನವ: ಸಾಲಗಾಮೆ ರಸ್ತೆ ಮನೇಲಿ ಕೂತು ಜರ್ಮನಿಯ ಒಂದು ಆಫೀಸ್ ಕಟ್ಟಡದ ನಕ್ಷೆಗೆ ಇಂಗ್ಲಿಷ್ ಹೆಸರು ಹಾಕ್ತಿದ್ದೀನಿ. ‘ಫೆರ್ಕೇರ್ಸ್‌ಫ್ಲೇಷೆ’ಗೆ ಮಷೀನು ‘ಟ್ರಾಫಿಕ್ ಏರಿಯಾ’ ಅಂತ ಕೊಟ್ಟಿದೆ. ಮೂರನೇ ಮಹಡೀಲಿ ಯಾವ ಟ್ರಾಫಿಕ್ಕು, ಅದೇನು ಎನ್.ಆರ್. ಸರ್ಕಲ್ಲಾ? ‘ಕೊಂಬಿಬ್ಯೂರೋ’ ಅಂತೂ ತಲೆಗೇ ಹೋಗ್ತಿಲ್ಲ. ನಾಳೆ ಬೆಳಿಗ್ಗೆ ಕಳಿಸಬೇಕು.

ಚಿಕ್ಕಮಗಳೂರು ಅನುವಾದಕಿ: ಸರ್, ಅದು ಸರ್ಕ್ಯುಲೇಷನ್ ಏರಿಯಾ. ಕಾರಿಡಾರು, ಮೆಟ್ಟಿಲು, ಜನ ಓಡಾಡೋ ಜಾಗ. ಜರ್ಮನಿಯ ಡಿಐಎನ್ 277 ಮಾನಕದಲ್ಲಿ ನೆಲದ ವಿಸ್ತೀರ್ಣವನ್ನ ಬಳಕೆ, ತಾಂತ್ರಿಕ, ಓಡಾಟ ಅಂತ ಮೂರು ಮಾಡಿದ್ದಾರೆ, ಈ ಪದ ಅಲ್ಲಿದೇ. ‘ತ್ಸೆಲೆನ್‌ಬ್ಯೂರೋ’ ಸೆಲ್ಯುಲರ್ ಆಫೀಸ್, ಅಂದ್ರೆ ಬೇರೆ ಬೇರೆ ಪುಟ್ಟ ಕೋಣೆಗಳು; ‘ಗ್ರೋಸ್‌ರೌಮ್‌ಬ್ಯೂರೋ’ ಓಪನ್ ಪ್ಲಾನ್, ಅಂದ್ರೆ ನಡುಗೋಡೆ ಇಲ್ಲದ ದೊಡ್ಡ ಹಾಲು. ಕೊಂಬಿ ಎರಡರ ಮಿಶ್ರಣ: ಕಿಟಕಿ ಸಾಲಿಗೆ ಗಾಜಿನ ಪುಟ್ಟ ಕೋಣೆಗಳು, ನಡುವೆ ಎಲ್ಲರಿಗೂ ಸೇರಿದ ಜಾಗ. ನಂಗೆ ನಮ್ಮಜ್ಜಿಯ ತೊಟ್ಟಿಮನೆ ನೆನಪಾಗುತ್ತೆ, ತೊಟ್ಟಿಗೆ ಸೂರು ಹಾಕಿದ ಹಾಗೆ! ‘ಕಾಂಬಿ ಆಫೀಸ್’ ಅಂತಲೇ ಬಿಡಿ, ಆ ಕ್ಷೇತ್ರದೋರಿಗೆ ಗೊತ್ತಾಗುತ್ತೆ.

ಸೈಟ್ ಇಂಜಿನಿಯರ್, ಬೇಲೂರು ರಸ್ತೆ: ನಕ್ಷೇಲಿ ‘1. ಓಜಿ’ ಅಂತಿದ್ರೆ ಹುಷಾರು ಗುರು, ಅದು ನೆಲಮಹಡಿ ಮೇಲಿನ ಮೊದಲನೇ ಅಂತಸ್ತು. ನಮಗದು ಫಸ್ಟ್ ಫ್ಲೋರ್, ಅಮೆರಿಕದೋರಿಗೆ ಸೆಕೆಂಡ್. ಓದೋರು ಯಾರು ಅಂತ ಮೊದಲು ಕೇಳು.

ಹಾಸನದ ಡ್ರಾಫ್ಟಿಂಗ್‌ನವ: ಅಯ್ಯೋ, ಕೇಳೇ ಇಲ್ಲ. ಈಗ್ಲೇ ಮೇಲ್ ಹಾಕ್ತೀನಿ. ಮೇಡಂ, ಇನ್ನೊಂದು: ‘ಟೇಕ್ಯೂಷೆ’ಗೆ ‘ಟೀ ಕಿಚನ್’ ಸರೀನಾ?

ಚಿಕ್ಕಮಗಳೂರು ಅನುವಾದಕಿ: ಕಿಚನೆಟ್ ಅನ್ನಿ. ಪ್ಯಾಂಟ್ರಿ ಅಂದ್ರೆ ಇಂಗ್ಲೆಂಡಿನೋರು ದಿನಸಿ ಕೋಣೆ ಅಂದ್ಕೋತಾರೆ. ಅಲ್ಲಾ, ನಮ್ಮೂರೋಳ ಹತ್ರ ಟೀ ವಿಚಾರ ಕೇಳ್ತೀರಲ್ಲ!