ಸೇಂಟ್ ಲೂಸಿಯಾದಿಂದ ಗ್ರೆನೆಡಾ: ಹಾಯಿದೋಣಿಯಲ್ಲಿ ಎಲ್ಲಿ ಬಿರುಸು, ಎಲ್ಲಿ ಬಿಡುವು?

ಪ್ರಶ್ನೆ: ಫೆಬ್ರವರಿಯಲ್ಲಿ ನಾಲ್ವರು ಸೇರಿ 40 ಅಡಿ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಬಾಡಿಗೆಗೆ ಹಿಡಿದು ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾದಿಂದ ಗ್ರೆನೆಡಾಕ್ಕೆ ಹೋಗಬೇಕೆಂದಿದ್ದೇವೆ. ಇಬ್ಬರಿಗೆ ಹಾಯಿ ನಡೆಸಲು ಬರುತ್ತದೆ, ಉಳಿದಿಬ್ಬರಿಗೆ ಈಜಾಡಿಕೊಂಡಿದ್ದರೆ ಸಾಕು. ಎಲ್ಲಿ ಎಚ್ಚರ ಬೇಕು, ಎಲ್ಲಿ ಕಾಲು ಚಾಚಬಹುದು?

ಉತ್ತರ 1: ದಿಕ್ಕು ಸರಿಯಾಗಿ ಆರಿಸಿದ್ದೀರಿ. ಗಾಳಿ ಪೂರ್ವ–ಈಶಾನ್ಯದಿಂದ 15–20 ನಾಟ್ (ಗಂಟೆಗೆ ಸುಮಾರು 28–37 ಕಿ.ಮೀ.) ಬೀಸುತ್ತಿರುತ್ತದೆ, ದಕ್ಷಿಣಕ್ಕೆ ಇಳಿಯುವಾಗ ಪಕ್ಕಕ್ಕೆ ಸಿಗುತ್ತದೆ. ವಾಪಸ್ ಬರುವುದೆಂದರೆ ಎದುರುಗಾಳಿಯ ಜೊತೆ ಗುದ್ದಾಟ, ಹಾಗಾಗಿ ದುಡ್ಡು ಹೆಚ್ಚಾದರೂ ದೋಣಿಯನ್ನು ಗ್ರೆನೆಡಾದಲ್ಲೇ ಒಪ್ಪಿಸಿ. ಬಿರುಸೆಲ್ಲ ದ್ವೀಪಗಳ ನಡುವಿನ ತೆರೆದ ನೀರಿನಲ್ಲಿ. ಸೇಂಟ್ ವಿನ್ಸೆಂಟ್‌ಗೆ ಹೋಗುವಾಗ ಸುಮಾರು 25 ನಾಟಿಕಲ್ ಮೈಲಿ ಅಟ್ಲಾಂಟಿಕ್ ಅಲೆಗೆ ಅಡ್ಡವಿಲ್ಲ, ಪ್ರವಾಹ ಪಶ್ಚಿಮಕ್ಕೆ ತಳ್ಳುತ್ತದೆ. ಲಾ ಸೂಫ್ರಿಯೇರ್ ಜ್ವಾಲಾಮುಖಿಯಿರುವ ಉತ್ತರ ತುದಿಯಲ್ಲಿ ಗಾಳಿ ಇನ್ನೂ ಜೋರು. ಬೆಳಕು ಹರಿಯುತ್ತಲೇ ಹೊರಡಿ. ದ್ವೀಪದ ಮರೆಗೆ ಬಂದ ಕೂಡಲೇ ಗಾಳಿ ಸತ್ತುಹೋಗುತ್ತದೆ, ಇಂಜಿನ್ ಸಿದ್ಧವಿರಲಿ.

ಉತ್ತರ 2: ಇದಕ್ಕೆ ಒಂದು ಮಾತು ಸೇರಿಸಬೇಕು. ಕ್ಯಾಟಮರಾನ್ ಹೆಚ್ಚು ವಾಲುವುದಿಲ್ಲ, ಹಾಯಿ ಹೆಚ್ಚಾಗಿದೆ ಎಂದು ದೋಣಿ ಹೇಳುವುದಿಲ್ಲ. ಗಾಳಿಮಾಪಕ ನೋಡಿಯೇ ಹಾಯಿ ಇಳಿಸಬೇಕು: ಸಾಮಾನ್ಯವಾಗಿ 20 ನಾಟ್‌ಗೆ ಮೊದಲ ರೀಫ್ (ಹಾಯಿಯನ್ನು ಒಂದು ಹಂತ ಚಿಕ್ಕದಾಗಿಸುವುದು), 25ಕ್ಕೆ ಎರಡನೆಯದು, ನಿಮ್ಮ ದೋಣಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಪೂರ್ವದಲ್ಲಿ ಕಪ್ಪು ಮೋಡದ ಕೆಳಗೆ ಮಳೆಯ ಪರದೆ ಕಂಡರೆ ಕಾಯಬೇಡಿ. ಮುಂಗಡೆಯ ಹಾಯಿ ಸುತ್ತಿ, ಗಾಳಿಗೆ ಮುಖ ಮಾಡಿ, ಮೇನ್‌ಶೀಟ್ (ದೊಡ್ಡ ಹಾಯಿಯನ್ನು ಹಿಡಿತದಲ್ಲಿಡುವ ಹಗ್ಗ) ಸಡಿಲಿಸಿ, ಹ್ಯಾಲ್ಯಾರ್ಡನ್ನು (ಹಾಯಿ ಏರಿಸುವ ಹಗ್ಗ) ಗುರುತಿನವರೆಗೆ ಇಳಿಸಿ, ಹಾಯಿಯ ಮುಂದಿನ ಮೂಲೆ ಸಿಕ್ಕಿಸಿ, ಆಮೇಲೆ ಹಿಂದಿನ ರೀಫ್ ಹಗ್ಗ ಎಳೆಯಿರಿ. ಮೇನ್‌ಶೀಟ್ ಬಿಗಿಯಾಗಿದ್ದಾಗಲೇ ವಿಂಚ್ (ಹಗ್ಗ ಎಳೆಯುವ ರಾಟೆ) ತಿರುಗಿಸಿದರೆ ಬಟ್ಟೆ ಹರಿಯುತ್ತದೆ. ಆಗುವ ಎಡವಟ್ಟುಗಳಲ್ಲಿ ಇದೇ ದುಬಾರಿ.

ಉತ್ತರ 3: ಬಿಡುವು ಬೇಕೆಂದರೆ ಸೇಂಟ್ ವಿನ್ಸೆಂಟ್‌ನ ದಕ್ಷಿಣಕ್ಕಿರುವ ಬೆಕ್ವೆ ದ್ವೀಪದ ಅಡ್ಮಿರಾಲ್ಟಿ ಕೊಲ್ಲಿ, ಆಮೇಲೆ ಟೊಬಾಗೊ ಕೀಸ್ ಎಂಬ ಕಿರುದ್ವೀಪಗಳು. ಕೀಸ್‌ನಲ್ಲಿ ಹವಳದ ದಿಬ್ಬ ಅಲೆ ತಡೆಯುತ್ತದೆ, ಗಾಳಿಯನ್ನಲ್ಲ. ಅಲ್ಲಿನ ಬರಡಾಲ್ ಕಿರುದ್ವೀಪದ ಹತ್ತಿರ ಆಮೆಗಳ ಜೊತೆ ಈಜುವವರು ಇದನ್ನು ಮರೆಯಬಾರದು. ಬೆಳಿಗ್ಗೆ 10ರಿಂದ 2ರೊಳಗೆ, ಸೂರ್ಯ ಬೆನ್ನಿಗಿರುವಂತೆ ಒಳಹೋಗಿ. ನೀರು ಕಂದುಬಣ್ಣವಾಗಿ ಕಂಡರೆ ಹವಳ, ತಿಳಿಹಸಿರಾದರೆ ಮರಳು.

ಲಂಗರನ್ನು ಮರಳಿಗೇ ಬಿಡಿ, ಜೊಂಡಿಗೆ ಬಿಟ್ಟರೆ ಹುಲ್ಲಿನ ಗಂಟು ಕಚ್ಚಿಕೊಂಡು ಜಾರುತ್ತದೆ. ಉದಾಹರಣೆಗೆ, ನೀರಿನ ಆಳ 4.5 ಮೀಟರ್, ದೋಣಿಯ ಮೂತಿ ನೀರಿಂದ 1.5 ಮೀಟರ್, ಒಟ್ಟು 6. ಅದರ ಐದು ಪಟ್ಟು, ಅಂದರೆ 30 ಮೀಟರ್ ಸರಪಳಿ. ಗಾಳಿ ಜೋರಿದ್ದ ರಾತ್ರಿ ಏಳು ಪಟ್ಟು. ಇಂಜಿನನ್ನು ಮೆಲ್ಲಗೆ ರಿವರ್ಸ್ ಕೊಟ್ಟು, ದಡದ ಎರಡು ಗುರುತುಗಳು ಒಂದರ ಹಿಂದೊಂದು ನಿಂತೇ ಇವೆಯೇ ನೋಡಿ. ಡೈವಿಂಗ್ ಮಾಸ್ಕ್ ಹಾಕಿ ಮುಳುಗಿ ಲಂಗರು ಹೂತಿದೆಯೇ ಎಂದೂ ಖಚಿತ ಮಾಡಿಕೊಳ್ಳಿ. ನಂತರವೇ ಗ್ಲಾಸು.

ಉತ್ತರ 4: ಉಳಿದವು ಚುಟುಕಾಗಿ. ಸೇಂಟ್ ಲೂಸಿಯಾದ ಜೋಡಿ ಶಿಖರಗಳಾದ ಪಿಟಾನ್‌ಗಳ ಬಳಿ ಲಂಗರು ನಿಷೇಧ, ಬೋಯಕ್ಕೆ (ತಳಕ್ಕೆ ಬಿಗಿದ ತೇಲುಗುಂಡು) ಕಟ್ಟಬೇಕು. ಬಂದರು ಸೇರುವಾಗ ಕೆಂಪು ಬೋಯ ಬಲಕ್ಕಿರಲಿ, ಭಾರತದಲ್ಲಿ ಕಲಿತವರಿಗೆ ಇದು ತಿರುಗುಮುರುಗು. ಪ್ರತಿ ದೇಶದಲ್ಲೂ ಹಳದಿ ಬಾವುಟ ಏರಿಸಿ, ಕ್ಯಾಪ್ಟನ್ ಒಬ್ಬರೇ ದಡಕ್ಕಿಳಿದು ಪ್ರವೇಶದ ಕಾಗದಪತ್ರ ಮುಗಿಸುವವರೆಗೆ ಉಳಿದವರು ದೋಣಿಯಲ್ಲೇ ಇರಬೇಕು. ಯೂನಿಯನ್ ಮತ್ತು ಕ್ಯಾರಿಯಾಕೂ ದ್ವೀಪಗಳನ್ನು 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಧ್ವಂಸ ಮಾಡಿತು, ಆದ್ದರಿಂದ ನೀರು, ಡೀಸೆಲ್ ಬೆಕ್ವೆಯಲ್ಲೇ ತುಂಬಿಸಿಕೊಳ್ಳಿ. ಗ್ರೆನೆಡಾಕ್ಕೆ ಹೊರಡುವ ಮುಂಚೆ ಸಮುದ್ರದಡಿಯ ಕಿಕ್ ಎಮ್ ಜೆನ್ನಿ ಜ್ವಾಲಾಮುಖಿಯ ಎಚ್ಚರಿಕೆ ಮಟ್ಟ ನೋಡಿ: ಮಾಮೂಲಿಗೆ 1.5 ಕಿ.ಮೀ. ದೂರ, ಮಟ್ಟ ಏರಿಸಿದ್ದರೆ 5 ಕಿ.ಮೀ.