ಬಾರ್ನ್‌ಸ್ಟಾರ್ಮರ್ಸ್ 23 ವರ್ಷ ಕಾದು ಗೆದ್ದರಾ, ಇಲ್ಲಾ ಹಳೇ ಬೋರ್ಡಿನ ಹೊಸ ಅಂಗಡಿಯಾ?

ಡಿಮೋಯ್ನ್ ದಿವಾಕರ
ಒಂದು ಪಂಚಾಯ್ತಿ ಮಾಡಿಕೊಡಿ. ನಾನಿರುವುದು ಅಮೆರಿಕದ ಅಯೋವಾದಲ್ಲಿ. ಊರಿನ ಹೆಸರು ಬರೆಯುವಾಗ ಡೆಸ್ ಮೋಯ್ನ್ಸ್, ಹೇಳುವಾಗ ಡಿಮೋಯ್ನ್. ಎರಡು ಎಸ್ ಯಾಕಿಟ್ಟರೋ ದೇವರೇ ಬಲ್ಲ. ಇಲ್ಲಿನ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಒಳಾಂಗಣ ಅಮೆರಿಕನ್ ಫುಟ್‌ಬಾಲ್ ಆಡುವ ಸಣ್ಣ ಲೀಗಿನ ತಂಡ. 1995ರಲ್ಲಿ ಅರೀನಾ ಫುಟ್‌ಬಾಲ್ ಲೀಗಿನಲ್ಲಿ ಶುರುವಾಯಿತು. 1996, 1997 ಎರಡೂ ವರ್ಷ ಫೈನಲ್ ತಲುಪಿ ಸೋತಿತು. ಕಪ್ ಎತ್ತಿದ್ದು 2018ರಲ್ಲಿ, ಅದೂ ಬೇರೆ ಲೀಗಿನಲ್ಲಿ. ಸಿಯೂ ಫಾಲ್ಸ್ ಸ್ಟಾರ್ಮ್ ತಂಡವನ್ನು 69–59ರಿಂದ ಸೋಲಿಸಿ. "23 ವರ್ಷ ಕಾದು ಗೆದ್ದ ತಂಡ" ಅಂತ ನಾನು ಅಂದರೆ, ಆಫೀಸಿನ ಗೆಳೆಯ "ಅದು ಆ ತಂಡವೇ ಅಲ್ಲ ಮಾರಾಯ" ಅನ್ನುತ್ತಾನೆ. ಯಾರು ಸರಿ?

ಕಬಡ್ಡಿ ಕಿಟ್ಟಿ
ದಿವಾಕರಣ್ಣ, ಒಳಾಂಗಣ ಅಂದರೆ? ಹೆಲ್ಮೆಟ್ ಹಾಕಿಕೊಂಡು ಕಲ್ಯಾಣಮಂಟಪದಲ್ಲಿ ಗುದ್ದಾಡುತ್ತಾರಾ?

ಡಿಮೋಯ್ನ್ ದಿವಾಕರ
ಕಿಟ್ಟಿ, ಹೆಚ್ಚು ಕಮ್ಮಿ ಹಾಗೇ! ಎರಡು ಕ್ರಿಕೆಟ್ ಪಿಚ್ ಉದ್ದಕ್ಕೆ ಜೋಡಿಸಿ, ಆರು ಗಜ ಸೇರಿಸು. ಅಷ್ಟೇ ಮೈದಾನ, 50 ಗಜ. ಅಗಲ 85 ಅಡಿ. ದೊಡ್ಡ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಒಂದೊಂದು ಕಡೆ 11 ಜನ, ಇಲ್ಲಿ 8. ಹೊರಗಿನ ಗೆರೆ ಇರಬೇಕಾದ ಕಡೆ ಮೆತ್ತೆ ಹೊದಿಸಿದ ಗೋಡೆ. ಅದರ ಆಚೆ ಕುರ್ಚಿ ಸಾಲು, ಅಂದರೆ ನಾವು. ಗೋಲ್ ಕಂಬದ ಎರಡೂ ಪಕ್ಕ ಎತ್ತರದ ಬಲೆ. ಒದ್ದ ಚೆಂಡು ಬಲೆಗೆ ತಾಗಿ ವಾಪಸ್ ಬಿದ್ದರೆ ಆಟ ಇನ್ನೂ ಜೀವಂತ, ಹಿಡಿದವನು ಓಡಬಹುದು.

ಇದನ್ನು ಕಂಡುಹಿಡಿದ ಜಿಮ್ ಫಾಸ್ಟರ್ ಅಯೋವಾದವರೇ. 1981ರಲ್ಲಿ ನ್ಯೂಯಾರ್ಕಿನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡುತ್ತಾ ಕೂತಿದ್ದರಂತೆ. ಕೈಯಲ್ಲಿದ್ದ ದಪ್ಪ ಕಾಗದದ ಲಕೋಟೆ ಮೇಲೆ ಮೈದಾನದ ಚಿತ್ರ ಗೀಚಿದರು. 1987ರಲ್ಲಿ ನಾಲ್ಕು ತಂಡಗಳ ಲೀಗ್ ಶುರು. ಆಮೇಲೆ ಅವರೇ ತಮ್ಮ ರಾಜ್ಯಕ್ಕೆ ಬಾರ್ನ್‌ಸ್ಟಾರ್ಮರ್ಸ್ ತಂದರು.

ತಿಪಟೂರು ಕೊಬ್ಬರಿ
ಹೆಸರಿನ ಅರ್ಥ ಗೊತ್ತಾ? 1920ರ ಆಸುಪಾಸಿನಲ್ಲಿ ಹಳ್ಳಿ ಹಳ್ಳಿಗೆ ಪುಟ್ಟ ವಿಮಾನ ಹಾರಿಸಿಕೊಂಡು ಹೋಗಿ, ಹೊಲದಲ್ಲೇ ಇಳಿಸಿ, ಕಸರತ್ತು ತೋರಿಸಿ ಕಾಸು ಕೇಳುತ್ತಿದ್ದ ಪೈಲಟ್‌ಗಳಿಗೆ ಬಾರ್ನ್‌ಸ್ಟಾರ್ಮರ್ ಅಂತಿದ್ದರು. ಅದಕ್ಕೇ ಇವರ ಹೆಲ್ಮೆಟ್ ಮೇಲೆ ಹಳೇ ಕಾಲದ ಪೈಲಟ್ ಟೋಪಿ, ಕನ್ನಡಕದ ಚಿತ್ರ. ನಮ್ಮಲ್ಲಿ ಊರೂರು ಸುತ್ತಿ ಡೇರೆ ಹಾಕುವ ಸರ್ಕಸ್ ಇದ್ದ ಹಾಗೆ.

ಸ್ಕೋರ್‌ಬುಕ್ ಸುಮಾ
ದಿವಾಕರ್ ಅವರೇ, ನಿಮ್ಮ ಗೆಳೆಯನೇ ಸರಿ. ಭಾವನೆ ಪಕ್ಕಕ್ಕಿಟ್ಟು ಕಾಗದ ನೋಡಿ.

ಮೊದಲ ತಂಡ 1995ರಿಂದ 2000ದ ತನಕ ಆಡಿತು. ಆಮೇಲೆ ಮಾರಾಟವಾಗಿ 2001ರಲ್ಲಿ ನ್ಯೂಯಾರ್ಕ್ ಡ್ರಾಗನ್ಸ್ ಆಯಿತು. ಅದೇ ವರ್ಷ ಅದೇ ಹೆಸರಲ್ಲಿ ಇನ್ನೊಂದು ತಂಡ ನಿಮ್ಮೂರಲ್ಲಿ ಎರಡನೇ ದರ್ಜೆಯ ಲೀಗಿನಲ್ಲಿ ಒಂದೇ ಸೀಸನ್ ಆಡಿ ನಿಂತಿತು. 2008ರಲ್ಲಿ ಮತ್ತೆ ಎದ್ದಿತು. 2010ರಿಂದ 2014ರ ತನಕ ಹೊಸದಾಗಿ ಕಟ್ಟಿದ ಅರೀನಾ ಲೀಗಿನಲ್ಲಿ. 2015ರಿಂದ ಇಂಡೋರ್ ಫುಟ್‌ಬಾಲ್ ಲೀಗಿನಲ್ಲಿ.

ಇದರಲ್ಲಿ ಒಂದು ತಂಡ ಎಲ್ಲಿದೆ? ಭಟ್ಟರು ಹೋಟೆಲ್ ಮಾರಿ ಬೇರೆ ಊರಿಗೆ ಹೋದರು. ಅದೇ ಬೀದಿಯಲ್ಲಿ ಇನ್ನೊಬ್ಬರು ಅದೇ ಬೋರ್ಡು ಹಾಕಿದರು. ಅಷ್ಟೇ. ದೋಸೆ ಚೆನ್ನಾಗಿರಬಹುದು, ಆದರೆ ಭಟ್ಟರ ದೋಸೆ ಅಲ್ಲ. ಡೆಕ್ಕನ್ ಚಾರ್ಜರ್ಸ್ 2009ರಲ್ಲಿ ಗೆದ್ದ ಐಪಿಎಲ್ ಕಪ್ಪನ್ನು ಯಾರಾದರೂ ಸನ್‌ರೈಸರ್ಸ್ ಲೆಕ್ಕಕ್ಕೆ ಹಾಕುತ್ತಾರಾ?

ಡಿಮೋಯ್ನ್ ದಿವಾಕರ
ಮೇಡಂ, ಸನ್‌ರೈಸರ್ಸ್ ಹೆಸರನ್ನೇ ಬದಲಾಯಿಸಿದರು. ಇಲ್ಲಿ ಹೆಸರು ಅದೇ, ಊರು ಅದೇ, ಕೂಗುವ ಜನವೂ ಅವರೇ. ನಿಮ್ಮ ಲೆಕ್ಕ ಹಿಡಿದರೆ ಬಾರ್ನ್‌ಸ್ಟಾರ್ಮರ್ಸ್ ಇತಿಹಾಸ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿಗೆ ಹೋಗಿ ಸತ್ತುಹೋಯಿತು ಅಂತಾಯಿತು. ಅಯೋವಾದ ಹೆಲ್ಮೆಟ್ಟಿನ ಕಥೆಗೂ ನ್ಯೂಯಾರ್ಕಿಗೂ ಏನು ಸಂಬಂಧ?

ಲಾಂಗ್ ಐಲ್ಯಾಂಡ್ ಲತಾ
ಯಾರೋ ನಮ್ಮೂರಿನ ಹೆಸರು ತೆಗೆದ ಹಾಗಾಯಿತು, ಬಂದೆ.

ನಾವು ನಾಸೌ ಕೊಲಿಸಿಯಂನಲ್ಲಿ ಡ್ರಾಗನ್ಸ್ ನೋಡುತ್ತಿದ್ದೆವು. ಮಗ ಆಗ ಪ್ರೈಮರಿ ಶಾಲೆ. ಎನ್‌ಎಫ್‌ಎಲ್ ಟಿಕೆಟ್ ನಮ್ಮ ಕೈಗೆಟುಕುತ್ತಿರಲಿಲ್ಲ, ಇದು ಎಟುಕುತ್ತಿತ್ತು. ಇದು ಅಯೋವಾದಿಂದ ಬಂದ ತಂಡ ಅಂತ ನನಗೆ ಎಷ್ಟೋ ದಿನ ಗೊತ್ತೇ ಇರಲಿಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆರನ್ ಗಾರ್ಸಿಯಾ ಅಲ್ಲಿಂದಲೇ ತಂಡದ ಜೊತೆ ಬಂದವರು. ಅರೀನಾ ಆಟದಲ್ಲಿ ಸಾವಿರಕ್ಕೂ ಜಾಸ್ತಿ ಟಚ್‌ಡೌನ್ ಪಾಸ್ (ಅಂಕ ತಂದುಕೊಡುವ ಎಸೆತ) ಎಸೆದ ಮಹರಾಯ.

2008ರ ಸೀಸನ್ ಮುಗಿಯಿತು. 2009ರದ್ದನ್ನು ಲೀಗ್ ರದ್ದು ಮಾಡಿತು. ಅಲ್ಲಿಗೆ ನಮ್ಮ ತಂಡ ಹೋಯಿತು. ಒಂದೂ ಅರೀನಾಬೌಲ್, ಅಂದರೆ ಆ ಲೀಗಿನ ಫೈನಲ್, ಗೆಲ್ಲಲಿಲ್ಲ. ಮಗನ ಡ್ರಾಗನ್ಸ್ ಟೋಪಿ ಈಗಲೂ ಕಪಾಟಿನಲ್ಲಿದೆ. ಸುಮಾ ಹೇಳುವ ಲೆಕ್ಕದಲ್ಲಿ 1995ರ ತಂಡದ ವಾರಸುದಾರರು ನಾವೇ. ತಮಾಷೆ ಅಂದರೆ ನಮಗೆ ಆ ಆಸ್ತಿ ಬೇಡ. 1996ರ ಸೋಲಿಗೆ ನಾವ್ಯಾಕೆ ಅಳಬೇಕು?

ಕಬಡ್ಡಿ ಕಿಟ್ಟಿ
ಆಸ್ತಿ ಬೇಡ ಅನ್ನುವ ವಾರಸುದಾರರನ್ನು ಇವತ್ತೇ ನೋಡಿದ್ದು 😄

ಸ್ಕೋರ್‌ಬುಕ್ ಸುಮಾ
ಲತಾ, ಬೇಕೋ ಬೇಡವೋ, ದಾಖಲೆ ದಾಖಲೆಯೇ. ಇನ್ನೂ ಒಂದು ವಿಷಯ ಯಾರೂ ಎತ್ತಲಿಲ್ಲ. ಈಗಿನ ಬಾರ್ನ್‌ಸ್ಟಾರ್ಮರ್ಸ್ ಆಡುವುದು ಹಳೇ ಆಟವೇ ಅಲ್ಲ. ಆ ಬಲೆಗೆ ಫಾಸ್ಟರ್ ಪೇಟೆಂಟ್ ಪಡೆದಿದ್ದರು, ಅರೀನಾ ಫುಟ್‌ಬಾಲಿನ ಗುರುತೇ ಅದು. ಇಂಡೋರ್ ಫುಟ್‌ಬಾಲ್ ಲೀಗಿನಲ್ಲಿ ಬಲೆಯೇ ಇಲ್ಲ. ಹಳೇ ಕಾಲದಲ್ಲಿ ಹೆಚ್ಚಿನ ಆಟಗಾರರು ದಾಳಿಗೂ ಅವರೇ, ರಕ್ಷಣೆಗೂ ಅವರೇ. ಅದೂ ಈಗಿಲ್ಲ. ಮಾಲೀಕರು ಬೇರೆ, ಲೀಗ್ ಬೇರೆ, ಸ್ಟೇಡಿಯಂ ಬೇರೆ, ನಿಯಮ ಬೇರೆ. ಉಳಿದದ್ದು ಹೆಸರೊಂದೇ.

ಡಿಮೋಯ್ನ್ ದಿವಾಕರ
ಬಲೆಯ ಮಾತು ನಾಟಿತು, ಒಪ್ಪಿದೆ.

ಆದರೂ ಹೇಳುತ್ತೇನೆ ಕೇಳಿ. 2012ರಲ್ಲಿ ಮೊದಲ ಸಲ ಪಂದ್ಯಕ್ಕೆ ಹೋದೆ. ಗೋಡೆ ಪಕ್ಕದ ಎರಡನೇ ಸಾಲು. ಪಾಸ್ ಹಿಡಿಯಲು ಓಡಿಬಂದ ಆಟಗಾರ ನಿಲ್ಲಲಾಗದೆ ಗೋಡೆಗೆ ಸೊಂಟ ಬಡಿದು, ತಲೆ ಕೆಳಗಾಗಿ ಮುಂದಿನ ಸಾಲಿನವರ ತೊಡೆ ಮೇಲೆ ಬಿದ್ದ. ಬೂಟಿನಿಂದ ಪ್ಲಾಸ್ಟಿಕ್ ಹುಲ್ಲಿನ ಕರಿ ರಬ್ಬರ್ ಪುಡಿ ನನ್ನ ಚಿಪ್ಸ್ ಪೊಟ್ಟಣದೊಳಕ್ಕೆ ಉದುರಿತು. ಎದ್ದವನೇ "ಸಾರಿ ಮ್ಯಾಮ್" ಅಂತ ಅಜ್ಜಿಯೊಬ್ಬರಿಗೆ ಹೇಳಿ, ಗೋಡೆ ಹಾರಿ ವಾಪಸ್ ಹೋದ. ಆ ಅಜ್ಜಿ ನನಗೆ ಹೇಳಿದ್ದು: 1996ರ ಫೈನಲ್ ದಿನ ಹಳೇ ವೆಟರನ್ಸ್ ಆಡಿಟೋರಿಯಂನಲ್ಲಿ ನಾನಿದ್ದೆ, ಟಾಂಪಾ ಬೇ ಎದುರು 42–38, ಇನ್ನೂ ನಿದ್ದೆ ಬರುವುದಿಲ್ಲ. ಅವರಿಗೆ ಲೈಸೆನ್ಸ್ ಯಾರ ಹತ್ತಿರ ಇತ್ತು ಅನ್ನುವುದು ಬೇಕಾಗಿರಲಿಲ್ಲ. ಅವರ ಪಾಲಿಗೆ ಸೋತದ್ದೂ ಇದೇ ತಂಡ.

ತಿಪಟೂರು ಕೊಬ್ಬರಿ
ಎಲ್ಲರೂ ಒಂದು ಮಾತು ನುಂಗಿಕೊಂಡು ಕೂತಿದ್ದೀರಿ. ನಾನೇ ಹೇಳುತ್ತೇನೆ. ಕರ್ಟ್ ವಾರ್ನರ್ ಇರದಿದ್ದರೆ ಈ ತಂಡದ ಬಗ್ಗೆ ಇಷ್ಟು ಚರ್ಚೆ ಇರುತ್ತಿತ್ತಾ?

ಗೊತ್ತಿಲ್ಲದವರಿಗೆ: 1994ರಲ್ಲಿ ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟಿನಲ್ಲಿ ಯಾವ ಎನ್‌ಎಫ್‌ಎಲ್ ತಂಡವೂ ಅವರನ್ನು ಆರಿಸಲಿಲ್ಲ. ಗ್ರೀನ್ ಬೇ ತಂಡ ಶಿಬಿರಕ್ಕೆ ಕರೆದು ವಾಪಸ್ ಕಳಿಸಿತು. ಸೀಡರ್ ಫಾಲ್ಸ್ ಊರಿನ ಹೈ-ವೀ ಅಂಗಡಿಯಲ್ಲಿ ರಾತ್ರಿ ಪಾಳಿ, ಗಂಟೆಗೆ 5.50 ಡಾಲರ್, ಕಪಾಟಿಗೆ ಸಾಮಾನು ಜೋಡಿಸುವ ಕೆಲಸ. 1995ರಲ್ಲಿ ಬಾರ್ನ್‌ಸ್ಟಾರ್ಮರ್ಸ್ ಸೇರಿದರು, ಮೂರು ಸೀಸನ್ ಆಡಿದರು. 1998ರಲ್ಲಿ ಯೂರೋಪಿನ ಲೀಗಿನ ಆಮ್‌ಸ್ಟರ್‌ಡಾಂ ತಂಡ, ಆಮೇಲೆ ಎನ್‌ಎಫ್‌ಎಲ್‌ನ ಸೇಂಟ್ ಲೂಯಿಸ್ ರ‍್ಯಾಮ್ಸ್. 1999ರಲ್ಲಿ ರ‍್ಯಾಮ್ಸ್‌ನ ಮೊದಲ ಆಯ್ಕೆಯ ಟ್ರೆಂಟ್ ಗ್ರೀನ್ ಮಂಡಿ ಮುರಿದುಕೊಂಡರು. ವಾರ್ನರ್ ಇಳಿದು 41 ಟಚ್‌ಡೌನ್ ಪಾಸ್ ಎಸೆದರು. ಲೀಗಿನ ಅತ್ಯುತ್ತಮ ಆಟಗಾರ. ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ 23–16ರಿಂದ ಗೆದ್ದು ಅಲ್ಲೂ ಅತ್ಯುತ್ತಮ ಆಟಗಾರ. ತಂಡ ಅವರನ್ನು ಬೆಳೆಸಲಿಲ್ಲ, ಅವರು ತಂಡದ ಹೆಸರು ಬೆಳೆಸಿದರು.

ಡಿಮೋಯ್ನ್ ದಿವಾಕರ
ಪೂರ್ತಿ ಒಪ್ಪಲ್ಲ. ಅಷ್ಟು ಚಿಕ್ಕ ಮೈದಾನದಲ್ಲಿ ಚೆಂಡು ಕೈಗೆ ಬಂದ ಕೂಡಲೇ ಎಸೆಯಬೇಕು, ಯೋಚಿಸುತ್ತಾ ನಿಂತರೆ ಯಾರೋ ಮೈಮೇಲೆ. ರ‍್ಯಾಮ್ಸ್‌ನಲ್ಲಿ ಎಲ್ಲರೂ ಹೊಗಳಿದ ಆ ಬೇಗ ಬಿಡುವ ಕೈ ಇಲ್ಲೇ ಪಳಗಿದ್ದು. ಕಲಿಸಿದ ಕೋಚ್ ಜಾನ್ ಗ್ರೆಗರಿಯೂ ಸಾಮಾನ್ಯರಲ್ಲ. 1989ರಲ್ಲಿ ಕೆನಡಾದ ಸಸ್ಕಾಚೆವಾನ್ ತಂಡಕ್ಕೆ ಗ್ರೇ ಕಪ್ ಗೆಲ್ಲಿಸಿದವರು.

ಸ್ಕೋರ್‌ಬುಕ್ ಸುಮಾ
ಚಿಕ್ಕ ಮೈದಾನವೇ ಗುರು ಅನ್ನುವುದಾದರೆ ಎಲ್ಲರೂ ವಾರ್ನರ್ ಆಗಬೇಕಿತ್ತು, ಅಲ್ವಾ? ಟಾಂಪಾ ಬೇಯ ಜೇ ಗ್ರೂಡೆನ್ ಆಟಗಾರನಾಗಿ ನಾಲ್ಕು ಅರೀನಾಬೌಲ್ ಗೆದ್ದವರು. ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕೋಚ್ ಆಗಿ ಮಾತ್ರ ವಾಷಿಂಗ್ಟನ್ನಿನ ಎನ್‌ಎಫ್‌ಎಲ್ ತಂಡದ ತನಕ ಹೋದರು. ಅದೇ ಮೈದಾನ, ಅದೇ ಬಲೆ. ಸೂತ್ರ ಕೆಲಸ ಮಾಡಿದ್ದು ಒಬ್ಬರಿಗೆ.

ಲಾಂಗ್ ಐಲ್ಯಾಂಡ್ ಲತಾ
ನಮ್ಮ ಗಾರ್ಸಿಯಾ ಕೂಡ ಅದೇ ಪಟ್ಟಿ.

ಆದರೆ ತಿಪಟೂರಿನವರೇ, ವಾರ್ನರ್ ಇದ್ದಾಗಲೂ ಅಯೋವಾ ಕಪ್ ಗೆಲ್ಲಲಿಲ್ಲ ಅನ್ನುವುದನ್ನು ಮರೆತಿರಿ. 1997ರ ಫೈನಲ್‌ನಲ್ಲಿ ಅರಿಜೋನಾ ರ‍್ಯಾಟ್ಲರ್ಸ್ 55–33ರಿಂದ ಬಡಿದು ಹಾಕಿತು. ಗೆದ್ದದ್ದು ನಮಗ್ಯಾರಿಗೂ ಹೆಸರು ನೆನಪಿಲ್ಲದ 2018ರ ಹುಡುಗರು. ಆ ಹುಡುಗರ ಕಪ್ಪನ್ನು ವಾರ್ನರ್ ಕಥೆಗೆ ಬಾಲದ ಹಾಗೆ ಅಂಟಿಸುವುದು ನನಗೆ ಸರಿ ಕಾಣಲ್ಲ. "23 ವರ್ಷ ಕಾದು" ಅನ್ನುವಾಗ ಅದೇ ಆಗುವುದು ದಿವಾಕರ್. ಅವರು ಕಾದಿರಲಿಲ್ಲ. ಬಂದರು, ಆಡಿದರು, ಗೆದ್ದರು.

ಡಿಮೋಯ್ನ್ ದಿವಾಕರ
ಹೂಂ. ಈ ಮಾತು ನನ್ನ ಗೆಳೆಯನೂ ಹೇಳಲಿಲ್ಲ, ಸುಮಾ ಅವರೂ ಹೇಳಲಿಲ್ಲ. ಕಾದದ್ದು ನಾವು, ಗ್ಯಾಲರಿಯವರು. ವಾಕ್ಯ ತಿದ್ದುತ್ತೇನೆ: 23 ವರ್ಷ ಕಾದ ಊರಿಗೆ ಕಪ್ ಬಂತು.

ಇನ್ನೊಂದು ಸೇರಿಸಲೇಬೇಕು. ಆ ರ‍್ಯಾಟ್ಲರ್ಸ್ ತಂಡವೂ 2017ರಿಂದ ಇದೇ ಇಂಡೋರ್ ಲೀಗಿಗೆ ಬಂದಿದೆ. ಅವರು ಅಯೋವಾಕ್ಕೆ ಬಂದಾಗ 1997 ನೆನೆಸಿಕೊಂಡು ಕೂಗುವ ತಲೆ ನರೆತವರು ಈಗಲೂ ಇದ್ದಾರೆ. ಬೇರೆ ತಂಡ ಅಂದರೆ ಈ ಹಳೇ ದ್ವೇಷ ಎಲ್ಲಿಂದ ಬಂತು ಸುಮಾ ಅವರೇ?

ಕಬಡ್ಡಿ ಕಿಟ್ಟಿ
ಹದಿನೆಂಟು ಸೀಸನ್ "ಈ ಸಲ ಕಪ್ ನಮ್ದೇ" ಅಂದವರಿಗೆ ಇದೆಲ್ಲ ಅರ್ಥವಾಗುತ್ತದೆ ಅಣ್ಣ. ಒಂದು ಡೌಟು. ಬೆಂಗಳೂರಿಗೂ ಅಮೆರಿಕನ್ ಫುಟ್‌ಬಾಲ್ ತಂಡ ಇತ್ತು ಅಂತ ಕೇಳಿದ ನೆನಪು. ನಿಜಾನಾ ಸುಮ್ನೆನಾ?

ಸ್ಕೋರ್‌ಬುಕ್ ಸುಮಾ
ನಿಜ. ಬೆಂಗಳೂರು ವಾರ್‌ಹಾಕ್ಸ್. ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಅಂತ 2011ರಲ್ಲಿ ಘೋಷಣೆಯಾಯಿತು. ಕಿಟ್ಟಿ, ಅದಕ್ಕೆ ದುಡ್ಡು ಹಾಕಿದವರ ಪಟ್ಟಿಯಲ್ಲಿ ಇದೇ ಕರ್ಟ್ ವಾರ್ನರ್ ಹೆಸರೂ ಇತ್ತು. 2012ರ ಮೊದಲ ಸೀಸನ್ ಪಂದ್ಯಗಳನ್ನು ಕೊಲಂಬೊದಲ್ಲಿ ಆಡಿಸಿ, ರೆಕಾರ್ಡ್ ಮಾಡಿ ಆಮೇಲೆ ಟಿವಿಯಲ್ಲಿ ತೋರಿಸಿದರು. ಗೆದ್ದದ್ದು ಪುಣೆ ಮರಾಠಾಸ್.

ಕಬಡ್ಡಿ ಕಿಟ್ಟಿ
ಬೆಂಗಳೂರಿನ ತಂಡ, ಆಟ ಕೊಲಂಬೊದಲ್ಲಿ, ನಮಗೆ ಗೊತ್ತೇ ಇಲ್ಲ! ಆ ಅಜ್ಜಿಯಂಥವರು ಒಬ್ಬರೂ ಇರಲಿಲ್ಲ ನೋಡಿ ಅದಕ್ಕೆ.

ತಿಪಟೂರು ಕೊಬ್ಬರಿ
ಪೇಟೆಂಟ್, ಲೈಸೆನ್ಸ್ ಎಲ್ಲ ಸರಿ ಇದ್ದಿರಬಹುದು ಪಾಪ. ಗೋಡೆ ಪಕ್ಕ ಚಿಪ್ಸ್ ತಿನ್ನುವವರು ಇರಲಿಲ್ಲ.

ಸ್ಕೋರ್‌ಬುಕ್ ಸುಮಾ
ಸರಿ, ಗುಂಪು ಕಟ್ಟಬೇಡಿ. ನನ್ನ ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳುತ್ತೇನೆ. ಬಾರ್ನ್‌ಸ್ಟಾರ್ಮರ್ಸ್, 1995–2000: ಎರಡು ಫೈನಲ್, ಕಪ್ ಇಲ್ಲ. ಕೆಳಗೆ ಒಂದು ಗೆರೆ. ಬಾರ್ನ್‌ಸ್ಟಾರ್ಮರ್ಸ್, 2008ರಿಂದ: 2018ರ ಕಪ್.

ಡಿಮೋಯ್ನ್ ದಿವಾಕರ
2001ರ ಒಂದು ಸೀಸನ್ ಎಲ್ಲಿ ಹಾಕುತ್ತೀರಿ ಮೇಡಂ?

ಸ್ಕೋರ್‌ಬುಕ್ ಸುಮಾ
…ಗೆರೆ ಮೇಲೆ.

ಡಿಮೋಯ್ನ್ ದಿವಾಕರ
ಹಾಗಾದರೆ ಅದನ್ನು ಚುಕ್ಕೆ ಗೆರೆ ಮಾಡಿ.

ಸ್ಕೋರ್‌ಬುಕ್ ಸುಮಾ
ಪೆನ್ಸಿಲ್‌ನಲ್ಲಿ ಹಾಕುತ್ತೇನೆ. ಅಷ್ಟೇ ಬಿಡುವುದು.